ತಾಯಿ-ಮರಿ ಜೋಡಿ ಕೊಳ್ಳುವಾಗ ನಾನು ನೋಡುವುದು

ಗಬ್ಬದ ಕುರಿ ಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಎಷ್ಟು ತಿಂಗಳ ಗಬ್ಬ ಅನ್ನುವುದಕ್ಕೆ ಮಾರುವವನ ಮಾತೇ ಗತಿ. ಈದ ಮೇಲೆ ಹಾಲು ಇಳಿಯುತ್ತದೋ, ಮರಿಯನ್ನು ಹತ್ತಿರ ಬಿಟ್ಟುಕೊಳ್ಳುತ್ತದೋ ಯಾರಿಗೆ ಗೊತ್ತು? ಮರಿ ಸಮೇತ ನಿಂತ ತಾಯಿಗೆ ದುಡ್ಡು ಹೆಚ್ಚು, ಆದರೆ ಇವೆರಡೂ ಅಲ್ಲೇ ಕಣ್ಣಿಗೆ ಕಾಣುತ್ತವೆ.

ನಮ್ಮ ಕಡೆ, ಬಾಗಲಕೋಟೆ ಜಿಲ್ಲೆಯ ಅಮೀನಗಡದ ಶನಿವಾರದ ಕುರಿ ಸಂತೆಯೇ ದೊಡ್ಡದು. ನಸುಕಿನಲ್ಲೇ ಹೋದರೂ ಬೆಳಕು ಹರಿಯುವವರೆಗೆ ದರ ಮಾತಾಡುವುದಿಲ್ಲ. ಟಾರ್ಚ್ ಬೆಳಕಲ್ಲಿ ಕಣ್ಣಿನ ಕೆಳರೆಪ್ಪೆಯ ಬಣ್ಣ ತಿಳಿಯುವುದಿಲ್ಲ. ರೆಪ್ಪೆ ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇರಬೇಕು.

ಮೊದಲ ಅನುಮಾನ, ಈ ಮರಿ ಇದರದ್ದೇನಾ ಎಂಬುದು. ಮರಿ ಸತ್ತ ಕುರಿಗೆ ಬೇರೆಯದರ ಮರಿ ಹೊಂದಿಸಿ ಜೋಡಿ ಅಂತ ಮಾರುವವರಿದ್ದಾರೆ. ಹಗ್ಗ ಬಿಚ್ಚಿಸಿ ಮರಿಯನ್ನು ನಾಲ್ಕು ಮಾರು ಆಚೆ ಒಯ್ದು ಬಿಡುತ್ತೇನೆ. ಸ್ವಂತ ತಾಯಿಯಾದರೆ ಒದರುತ್ತದೆ. ಮರಿ ಓಡಿಬಂದು ಮೊಣಕಾಲೂರಿ ಕೆಚ್ಚಲಿಗೆ ಗುದ್ದುತ್ತದೆ, ಬಾಲ ಪಟಪಟ ಆಡುತ್ತದೆ, ತಾಯಿ ಕತ್ತು ತಿರುಗಿಸಿ ಬಾಲದ ಬುಡ ಮೂಸುತ್ತದೆ. ಮೂಸಿಯೂ ಅಲ್ಲಾಡದೆ ನಿಂತಿತೋ, ಮರಿ ಅದರದ್ದೇ. ಪರರ ಮರಿಯಾದರೆ ಹಾಯುತ್ತದೆ, ಇಲ್ಲವೇ ಮುಂದೆ ಸರಿಯುತ್ತದೆ. ಕೆಲವರು ತಾಯಿಯ ಕೊರಳು ಅವುಚಿ ಹಿಡಿದು ಕುಡಿಸಿ ತೋರಿಸುತ್ತಾರೆ. "ಕಾಕಾ, ಕೈ ಬಿಟ್ಟು ತೋರಸ್ರಿ" ಅಂದರೆ ಅರ್ಧ ಮಂದಿ ಸಿಟ್ಟಿಗೇಳುತ್ತಾರೆ. ಏಳಲಿ.

ಬಿಗಿದ ಕೆಚ್ಚಲಿಗೂ ಮರುಳಾಗಬಾರದು. ರಾತ್ರಿಯೆಲ್ಲ ಮರಿಯನ್ನು ದೂರ ಕಟ್ಟಿದರೆ ಯಾವ ಕೆಚ್ಚಲೂ ತುಂಬಿಯೇ ಕಾಣುತ್ತದೆ. ಮರಿ ಕುಡಿದಾದ ಮೇಲೆ ಹಿಸುಕಿ ನೋಡುತ್ತೇನೆ. ಮೆತ್ತಗಾದರೆ ಸರಿ, ಗಂಟು ಸಿಕ್ಕರೆ ಕೆಚ್ಚಲು ಬಾವು ಬಂದುಹೋಗಿದೆ ಅಂತಲೇ ಲೆಕ್ಕ. ಎರಡೂ ಮೊಲೆಯಿಂದ ಅಂಗೈಗೆ ಹಾಲು ಹಿಂಡಿ, ಹೆಪ್ಪು ಇದೆಯೇ ಎಂದೂ ನೋಡುವುದುಂಟು.

ವಯಸ್ಸು ತಿಳಿಯುವುದು ಹಲ್ಲಿನಿಂದ. ಮುಂದಿನ ದೊಡ್ಡ ಹಲ್ಲು ನಾಲ್ಕೋ ಆರೋ ಇದ್ದರೆ ಚೆಂದ, ಎಂಟೂ ಬಂದು ಬಾಯಿಗೂಡಿದ್ದೂ ನಡೆದೀತು, ಸವೆದದ್ದು ಬೇಡ.

ದರ ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನಡಿ ಒಬ್ಬರ ಬೆರಳು ಒಬ್ಬರು ಹಿಡಿದೇ ಕುದುರಿಸುವುದು. ದಲ್ಲಾಳಿ ತಾಯಿಗಿಷ್ಟು, ಮರಿಗಿಷ್ಟು ಎಂದು ಬಿಡಿಸಿದರೆ ಒಪ್ಪುವುದಿಲ್ಲ. ಟಗರು ಮರಿಯ ನೆವದಲ್ಲಿ ಏರಿಸುವುದಕ್ಕೇ ಆ ಲೆಕ್ಕ.

ಗಾಡಿಗೆ ಹತ್ತಿಸುವ ಮುಂಚೆ ತಾಯಿಗೂ ಮರಿಗೂ ಒಂದೇ ಬಣ್ಣದ ಗುರುತು ಹಾಕಿ, ಮರಿಗಳು ತುಳಿತಕ್ಕೆ ಸಿಗದಂತೆ ನಡುವೆ ಹಲಗೆ ಅಡ್ಡ ಇಡುತ್ತೇನೆ. ಊರಿಗೆ ತಂದ ಮೇಲೆ 3 ವಾರ ನಮ್ಮ ಹಿಂಡಿಗೆ ಬಿಡುವುದಿಲ್ಲ. ಕುರಿ-ಮೇಕೆಗಳಿಗೆ ಒಂದರಿಂದ ಒಂದಕ್ಕೆ ಹರಡುವ ಪಿಪಿಆರ್ ರೋಗ ಸಂತೆಯಿಂದಲೇ ಮನೆ ಸೇರಬಹುದು.

ಮಾರುವಾಗ ಮರಿಗೆ ತಿಂಗಳೊಪ್ಪತ್ತು ಆಗಿರಬೇಕು. ಆಗ ತಾಯಿಗೆ ಹಾಲೂ ಜೋರು, ಮರಿಯೂ ನೋಡುವಂತಿರುತ್ತದೆ. 3 ತಿಂಗಳು ದಾಟಿದರೆ ಜೋಡಿಯಾಗಿ ಮಾರುವುದು ದಂಡ, ಮರಿಯನ್ನು ಬೇರೆಯೇ ಕೊಡುತ್ತೇನೆ. ಅವಳಿ ಈದ ತಾಯಿಯನ್ನು ಮಾತ್ರ ಸಂತೆಗೆ ಒಯ್ಯುವುದಿಲ್ಲ.