ಬಾಗಿಲ ಬೆಳಕಿನಲ್ಲಿ ಕಾಣದೆ ಹೋದ ಮುಖಗಳು

ಒಂದು ಗ್ರಂಥಾಲಯಕ್ಕೆ ಬರುವವರನ್ನು ಎಣಿಸಲು ಬಾಗಿಲಿಗೆ ಎದುರಾಗಿ ವೆಬ್‌ಕ್ಯಾಮ್ ಕೂರಿಸಿದ್ದೆ. ಮುಖ ಹುಡುಕಲು ಬಳಸಿದ್ದು ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಜೊತೆಗೇ ಬರುವ ಹಾರ್ ಕ್ಯಾಸ್ಕೇಡ್ ಎಂಬ ವಿಧಾನ. ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ಚೆನ್ನಾಗಿ ಎಣಿಸುತ್ತಿತ್ತು. ಬೆಳಿಗ್ಗೆ ಮಾತ್ರ ತುಂಬಾ ಜನ ತಪ್ಪಿಹೋಗುತ್ತಿದ್ದರು, ಅದರಲ್ಲೂ ಕಪ್ಪು ಮೈಬಣ್ಣದವರೇ ಜಾಸ್ತಿ. ಎದುರಿಗೇ ನಿಂತವರು ಲೆಕ್ಕಕ್ಕೆ ಸೇರದಿದ್ದರೆ ಅದೆಂಥ ಎಣಿಕೆ?

2001ರಲ್ಲಿ ಪಾಲ್ ವಯೋಲಾ, ಮೈಕೆಲ್ ಜೋನ್ಸ್ ಕೊಟ್ಟ ಈ ವಿಧಾನ ಬಣ್ಣ ನೋಡುವುದೇ ಇಲ್ಲ. ಕಪ್ಪು-ಬಿಳುಪು ಚಿತ್ರದಲ್ಲಿ ಕಣ್ಣಿನ ಭಾಗ ಕೆನ್ನೆಗಿಂತ ಕಪ್ಪಗಿದೆಯೇ, ಮೂಗಿನ ಮೇಲ್ಭಾಗ ಕಣ್ಣುಗಳಿಗಿಂತ ಬೆಳ್ಳಗಿದೆಯೇ ಎಂದು ಹೋಲಿಸುತ್ತದೆ. ಮುಖವೆಲ್ಲ ಒಂದೇ ಸಮ ಮಬ್ಬಾಗಿದ್ದರೆ ಸಂಭಾಳಿಸಿಕೊಳ್ಳುತ್ತದೆ. ಆದರೆ ಬೆನ್ನ ಹಿಂದಿನ ಬಿಸಿಲು ನೋಡಿ ಕ್ಯಾಮೆರಾ ತಾನಾಗಿ ಎಕ್ಸ್‌ಪೋಶರ್ (ಒಳಗೆ ಬಿಟ್ಟುಕೊಳ್ಳುವ ಬೆಳಕು) ಇಳಿಸಿಬಿಟ್ಟರೆ ಮುಖದಲ್ಲಿ ಹೋಲಿಸಲು ಏನೂ ಉಳಿಯುವುದಿಲ್ಲ. ತಪ್ಪಿಹೋದ ಒಂದು ಮುಖದ ಪಿಕ್ಸೆಲ್‌ಗಳನ್ನು ತೆಗೆದು ನೋಡಿದೆ. ಸೊನ್ನೆ ಅಂದರೆ ಕಡುಕಪ್ಪು, 255 ಅಂದರೆ ಅಚ್ಚ ಬಿಳುಪು ಎನ್ನುವ ಅಳತೆಯಲ್ಲಿ ಕಣ್ಣು 14, ಕೆನ್ನೆ 19. ಇಷ್ಟು ಸಣ್ಣ ವ್ಯತ್ಯಾಸ ಸೆನ್ಸರ್‌ನ ನಾಯ್ಸ್‌ನಲ್ಲೇ, ಅಂದರೆ ಚಿತ್ರದಲ್ಲಿ ತಾನಾಗಿ ಬರುವ ಏರುಪೇರಿನಲ್ಲೇ, ಮುಳುಗುತ್ತದೆ.

ಹಾಗಾದರೆ ಚರ್ಮದ ಬಣ್ಣ ಹಿಡಿದು ಹುಡುಕಬಹುದಲ್ವಾ? ಅದನ್ನೂ ನೋಡಿದೆ. ಬೆಳಕನ್ನು (ವೈ) ಬಣ್ಣದಿಂದ (ಕೆಂಪಿನ ಕಡೆಗೆ ಸಿಆರ್, ನೀಲಿಯ ಕಡೆಗೆ ಸಿಬಿ) ಬೇರೆಯಾಗಿ ಅಳೆಯುವ ವೈ-ಸಿಆರ್-ಸಿಬಿ ಪದ್ಧತಿಯಲ್ಲಿ ಚರ್ಮಕ್ಕೆ ಸಾಮಾನ್ಯವಾಗಿ ಹೇಳುವ ಮಿತಿ ಸಿಆರ್ 133ರಿಂದ 173, ಸಿಬಿ 77ರಿಂದ 127. ಮರದ ಬೀರು, ರಟ್ಟಿನ ಡಬ್ಬ ಎಲ್ಲವೂ ಚರ್ಮವೆಂದೇ ಬಂದವು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಬೆಳಕು ಕಡಿಮೆಯಾದಷ್ಟೂ ಸಿಆರ್, ಸಿಬಿ ಎರಡೂ ಬಣ್ಣವೇ ಇಲ್ಲದ 128ರ ಹತ್ತಿರ ಬರುತ್ತವೆ. ಅಂದರೆ ಕತ್ತಲಾದ ಮುಖ ಆ ಮಿತಿಯಿಂದಲೇ ಹೊರಗೆ. ಯಾರನ್ನು ಹುಡುಕಬೇಕಿತ್ತೋ ಅವರೇ ಮತ್ತೆ ಬಿಟ್ಟುಹೋದರು. ಬಣ್ಣದ ದಾರಿ ಅಲ್ಲಿಗೇ ಬಿಟ್ಟೆ.

ಕೊನೆಗೆ ಕ್ಯಾಮೆರಾವನ್ನೇ ಸರಿಸಿದೆ. ಬ್ಯಾಗ್ ಇಡಲು ಎಲ್ಲರೂ ಪಕ್ಕದ ಕೌಂಟರ್ ಕಡೆ ತಿರುಗುತ್ತಾರೆ. ಅಲ್ಲಿ ಹಿಂದೆ ಬರೀ ಗೋಡೆ. ಕ್ಯಾಮೆರಾ ಪಕ್ಕದಲ್ಲೇ, ಮುಖದ ಎತ್ತರಕ್ಕೆ, ಒಂದು ಎಲ್‌ಇಡಿ ಪಟ್ಟಿ ಹಾಕಿಸಿದೆ. ಮೇಲಿನ ದೀಪವೊಂದೇ ಇದ್ದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ಆಟೋ ಎಕ್ಸ್‌ಪೋಶರ್ ನಿಲ್ಲಿಸಿ, ಅಲ್ಲೇ ಕೆಲಸ ಮಾಡುವ ಕಪ್ಪು ಮೈಬಣ್ಣದವರೊಬ್ಬರನ್ನು ನಿಲ್ಲಿಸಿಕೊಂಡು, ಅವರ ಕಣ್ಣು-ಕೆನ್ನೆ ಬೇರೆಬೇರೆಯಾಗಿ ಕಾಣುವವರೆಗೆ ಎಕ್ಸ್‌ಪೋಶರ್ ಏರಿಸಿದೆ. ಆಮೇಲೆ ಬೆಳ್ಳಗಿರುವವರನ್ನು ನಿಲ್ಲಿಸಿ, ಕೆನ್ನೆ 255 ಮುಟ್ಟುತ್ತಿಲ್ಲ ಎಂದು ನೋಡಿಕೊಂಡೆ. ದೀಪದ ಮಿನುಗು ಚಿತ್ರದಲ್ಲಿ ಬಾರದಂತೆ ತಡೆಯುವ, ಕ್ಯಾಮೆರಾದ ಪವರ್ ಲೈನ್ ಸೆಟ್ಟಿಂಗ್ 60 ಹರ್ಟ್ಸ್‌ನಲ್ಲಿತ್ತು. ನಮ್ಮ ಕರೆಂಟ್ 50 ಹರ್ಟ್ಸ್, ಬದಲಿಸಿದ ಮೇಲೆ ಚಿತ್ರದಲ್ಲಿ ಪಟ್ಟೆ ಓಡುವುದು ನಿಂತಿತು.

ಕೋಡ್‌ನಲ್ಲಿ ಸೇರಿಸಿದ್ದು ಕ್ಲಾಹೆ (ಚಿತ್ರದ ಒಂದೊಂದು ಭಾಗದಲ್ಲೂ ಕಪ್ಪು-ಬಿಳುಪಿನ ವ್ಯತ್ಯಾಸ ಹೆಚ್ಚಿಸುವ ವಿಧಾನ) ಒಂದೇ, ಅದು ಅತಿಯಾಗದಂತೆ ತಡೆಯುವ ಕ್ಲಿಪ್ ಲಿಮಿಟ್ 2. ಈಗ ಬೆಳಗಿನ ಎಣಿಕೆ ಕೌಂಟರ್‌ನಲ್ಲಿ ಕೊಡುವ ಟೋಕನ್ ಲೆಕ್ಕಕ್ಕೆ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಟೋಪಿ ಹಾಕಿ ತಲೆ ಬಗ್ಗಿಸಿ ಬರುವವರು ಇನ್ನೂ ತಪ್ಪುತ್ತಾರೆ. ಅದಕ್ಕೆ ಎಲ್‌ಇಡಿ ಪಟ್ಟಿಯನ್ನು ಇನ್ನಷ್ಟು ಕೆಳಗಿಳಿಸಿ ನೋಡುತ್ತಿದ್ದೇನೆ.