ಮೊದಲ ವರ್ಷದ ಸೆಮಿನಾರ್: ವಿಶ್ವ ಇತಿಹಾಸ, ಇಸ್ಲಾಂ ಮತ್ತು ನಮ್ಮ ಘಟ್ಟದ ಮೆಣಸು

ಡಿಗ್ರಿ ಮೊದಲ ವರ್ಷದಲ್ಲಿ ‘ವಿಶ್ವ ಇತಿಹಾಸ ಮತ್ತು ಇಸ್ಲಾಂ’ ಅನ್ನುವ ಸೆಮಿನಾರ್ ಸಿಕ್ಕಿದರೆ ಹೆಚ್ಚಿನವರು ಮಾಡುವುದು ಒಂದೇ. ಮೆಕ್ಕಾದಿಂದ ಶುರು ಮಾಡಿ ಖಲೀಫರು, ಬಾಗ್ದಾದ್, ದೆಹಲಿ ಸುಲ್ತಾನರು, ಮೊಘಲರು, ಆಟೋಮನ್ನರು ಅಂತ 1400 ವರ್ಷವನ್ನು 15 ನಿಮಿಷಕ್ಕೆ ತುರುಕುತ್ತಾರೆ. ಕೇಳಿದವರಿಗೂ ಏನೂ ಉಳಿಯುವುದಿಲ್ಲ, ಹೇಳಿದವರಿಗೂ ಉಳಿಯುವುದಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಓದುತ್ತಿರುವವರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಊರಿನದೇ ಒಂದು ವಸ್ತುವನ್ನು ಹಿಡಿದುಕೊಳ್ಳಿ. ಅದು ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ನೀವೂ ಹೋಗಿ.

ನನ್ನ ಮೊದಲ ಆಯ್ಕೆ ಕಾಳುಮೆಣಸು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯನ್ನು ನೋಡದ ಮಲೆನಾಡಿನವರು ಇಲ್ಲ ಅಲ್ವಾ? ಈ ಮೆಣಸು ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಬಸರೂರಿನಂಥ ಬಂದರು ಸೇರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹಾರ್ಮುಜ್‌ಗೆ ಅಥವಾ ಯೆಮನ್‌ನ ಏಡನ್ ಬಂದರಿಗೆ. ಏಡನ್‌ನಿಂದ ಕೆಂಪು ಸಮುದ್ರ ದಾಟಿ ಕೈರೊ, ಅಲೆಕ್ಸಾಂಡ್ರಿಯಾ, ಆಮೇಲೆ ವೆನಿಸ್. ಯುರೋಪಿನ ಶ್ರೀಮಂತರ ಊಟಕ್ಕೆ ಮೆಣಸು ಬೀಳಬೇಕಾದರೆ ದಾರಿಯುದ್ದಕ್ಕೂ ಮುಸ್ಲಿಂ ವ್ಯಾಪಾರಿಗಳು, ನಾವಿಕರು, ಸುಲ್ತಾನರ ಸುಂಕದ ಕಟ್ಟೆಗಳು ಬೇಕಿದ್ದವು. 1498ರಲ್ಲಿ ವಾಸ್ಕೊ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದದ್ದು, 1515ರಲ್ಲಿ ಹಾರ್ಮುಜ್ ಹಿಡಿದದ್ದು ಯಾಕೆ ಅಂತ ಕೇಳಿದರೆ ಈ ದಾರಿಯೇ ದೊಡ್ಡ ಉತ್ತರ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದನ್ನೂ ಇಲ್ಲೇ ತರಬಹುದು.

ಮೊದಲು ಮಾಡಬೇಕಾದ ಕೆಲಸ ನಕ್ಷೆ. ಅರಬ್ಬೀ ಸಮುದ್ರದ ಎರಡೂ ದಡ ಕಾಣುವಂಥದ್ದನ್ನು ಕೈಯಲ್ಲೇ ಬರೆಯಿರಿ, ಪ್ರಿಂಟ್ ಬೇಡ. ಅದರ ಮೇಲೆ ಗಾಳಿಯ ದಿಕ್ಕು ಗುರುತು ಮಾಡಿ. ಆಗುಂಬೆಗೆ ಮಳೆ ತರುವ ನೈಋತ್ಯ ಗಾಳಿಯೇ ಅರೇಬಿಯಾದ ಹಡಗುಗಳನ್ನೂ ನಮ್ಮ ಕಡೆ ತರುತ್ತಿತ್ತು. ಜೋರು ಮಳೆಗಾಲದಲ್ಲಿ ಕರಾವಳಿಯ ಬಂದರುಗಳಲ್ಲಿ ಹಡಗು ಓಡಾಡುತ್ತಿರಲಿಲ್ಲ, ಆ ಅಬ್ಬರ ಇಳಿಯುವ ಹೊತ್ತಿಗೆ ಹಡಗುಗಳು ಬರುತ್ತಿದ್ದವು, ಚಳಿಗಾಲದ ಈಶಾನ್ಯ ಗಾಳಿ ಹಿಡಿದು ವಾಪಸ್ ಹೋಗುತ್ತಿದ್ದವು. ಹಾಗಾಗಿ ವ್ಯಾಪಾರಿಗಳು ತಿಂಗಳುಗಟ್ಟಲೆ ಇಲ್ಲೇ ಇರಬೇಕಾಗುತ್ತಿತ್ತು. ಕೆಲವರು ಇಲ್ಲೇ ಮದುವೆಯಾದರು, ಮನೆ ಮಾಡಿದರು, ಮಸೀದಿ ಕಟ್ಟಿದರು. ಭಟ್ಕಳದ ನವಾಯತ ಮುಸ್ಲಿಮರು ಇವತ್ತಿಗೂ ಮಾತನಾಡುವ ಭಾಷೆ ಕೊಂಕಣಿಯ ಒಂದು ರೂಪ, ಅದರೊಳಗೆ ಅರಬ್ಬೀ, ಪಾರ್ಸಿ ಪದಗಳು ಸೇರಿವೆ. ಇಸ್ಲಾಂ ಕತ್ತಿ ಹಿಡಿದೇ ಬಂತು ಅನ್ನುವವರಿಗೂ, ಎಲ್ಲ ಕಡೆ ಶಾಂತವಾಗಿಯೇ ಹರಡಿತು ಅನ್ನುವವರಿಗೂ ಈ ನಕ್ಷೆ ತೋರಿಸಿ. ಯಾವ ಊರು, ಯಾವ ಕಾಲ ಅಂತ ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೇ ಆಗುವುದಿಲ್ಲ.

ಎರಡನೆಯ ಕೆಲಸ, ಆ ಕಾಲದವರೇ ಬರೆದದ್ದನ್ನು ಓದುವುದು. ಪಠ್ಯಪುಸ್ತಕದ ಸಾರಾಂಶ ಸಾಲದು. ಇಬ್ನ್ ಬತೂತ 1304ರಲ್ಲಿ ಮೊರಾಕೊದ ಟಾಂಜೀರ್‌ನಲ್ಲಿ ಹುಟ್ಟಿದವನು. 1325ರಲ್ಲಿ ಹಜ್ ಯಾತ್ರೆಗೆ ಅಂತ ಹೊರಟವನು ಸುತ್ತಾಡುತ್ತಾ ಸುಮಾರು 1342ರ ಹೊತ್ತಿಗೆ ಹೊನ್ನಾವರಕ್ಕೆ ಬಂದ. ಅವನು ಬರೆಸಿದ ಪುಸ್ತಕದಲ್ಲಿ ಹೊನ್ನಾವರಕ್ಕೆ ಸಿಕ್ಕಿರುವುದು ಕೆಲವೇ ಪುಟ. ಆದರೆ ಅದರಲ್ಲಿ ಏನೇನಿದೆ ನೋಡಿ. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅನ್ನುತ್ತಾನೆ. ಹೆಂಗಸರು ಹೊಲಿಗೆ ಹಾಕದ ಬಟ್ಟೆ ಉಡುತ್ತಾರೆ, ಮೂಗುತಿ ಹಾಕುತ್ತಾರೆ, ಕುರಾನ್ ಬಾಯಿಪಾಠ ಮಾಡಿರುತ್ತಾರೆ ಅನ್ನುತ್ತಾನೆ. ಸುಲ್ತಾನ ಜಮಾಲುದ್ದೀನನ ಊಟದಲ್ಲಿ ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಈ ಸುಲ್ತಾನನ ಜೊತೆ ಹನ್ನೊಂದು ತಿಂಗಳು ರೊಟ್ಟಿಯನ್ನೇ ತಿನ್ನದೆ ಅನ್ನದಲ್ಲೇ ಕಳೆದೆ ಅಂತಲೂ ಹೇಳಿಕೊಂಡಿದ್ದಾನೆ. ಅದೇ ಸುಲ್ತಾನ ‘ಹರಿಯಬ್’ ಎಂಬ ಹಿಂದೂ ರಾಜನ ಅಧೀನದಲ್ಲಿದ್ದ ಅಂತ ಬರೆಸಿದ್ದಾನೆ, ಇವನು ವಿಜಯನಗರದ ಹರಿಹರ ಇರಬೇಕು ಅನ್ನುವುದು ಇತಿಹಾಸಕಾರರ ಅಭಿಪ್ರಾಯ. ಈ ಕೆಲವು ಪುಟದಲ್ಲೇ ಒಂದು ಸೆಮಿನಾರಿಗೆ ಬೇಕಾದಷ್ಟು ಸಾಮಗ್ರಿ ಇದೆ.

ಆದರೆ ಸುಮ್ನೆ ನಂಬಬೇಡಿ. ಅವನು ಊರಿಗೆ ವಾಪಸಾದ ಮೇಲೆ ನೆನಪಿನಿಂದ ಹೇಳಿದ್ದನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸ ಬರೆದುಕೊಂಡ. ಅದು ಮುಗಿದದ್ದು 1355ರಲ್ಲಿ, ಅಂದರೆ ಹೊನ್ನಾವರ ನೋಡಿ ಹತ್ತು ವರ್ಷದ ಮೇಲಾಗಿತ್ತು. ಶಾಲೆಯ ಲೆಕ್ಕ ಅಷ್ಟು ನಿಖರವಾಗಿ ನೆನಪಿತ್ತಾ? ಧರ್ಮಶಾಸ್ತ್ರ ಓದಿದ ಮನುಷ್ಯನ ಕಣ್ಣಿಗೆ ಕಾಣದೆ ಹೋದವರು ಯಾರು? ಹಡಗಿಗೆ ಮೆಣಸಿನ ಮೂಟೆ ಹೊತ್ತವರು, ಘಟ್ಟದ ಮೇಲೆ ಬಳ್ಳಿ ಹತ್ತಿ ಕೊಯ್ದವರು ಅವನ ಪುಟದಲ್ಲಿ ಕಾಣುತ್ತಾರಾ? ಇಂಥ ಪ್ರಶ್ನೆಗಳನ್ನು ನೀವೇ ಎತ್ತಿದರೆ ಸೆಮಿನಾರ್‌ಗೆ ಜೀವ ಬರುತ್ತದೆ. ಮೇಷ್ಟ್ರು ಹುಡುಕುವುದೂ ಇದನ್ನೇ.

ಇನ್ನೊಂದು ಎಚ್ಚರ. ಅರಬ್, ತುರ್ಕಿ, ಪರ್ಷಿಯನ್, ಮುಸ್ಲಿಂ ಎಲ್ಲವನ್ನೂ ಒಂದೇ ಮಾಡಬೇಡಿ. ಇವತ್ತು ಅತಿ ಹೆಚ್ಚು ಮುಸ್ಲಿಮರಿರುವ ದೇಶ ಇಂಡೊನೇಷ್ಯಾ. ಅರಬ್ಬಿಯಲ್ಲಿ ವ್ಯವಹಾರ ಮಾಡಿದವರೆಲ್ಲ ಮುಸ್ಲಿಮರೂ ಅಲ್ಲ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಅಬ್ರಹಾಂ ಬೆನ್ ಯಿಜು ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ. ಅವನ ಪತ್ರಗಳು ಕೈರೊದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕವು. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬೀ ಅದು. ಇಸ್ಲಾಮಿನ ಜಗತ್ತು ಅಂದಾಗ ಅದರೊಳಗೆ ಇಂಥವರೂ ಇದ್ದರು ಅನ್ನುವುದು ನನಗೆ ಬಹಳ ಮುಖ್ಯವಾದ ಸಂಗತಿ.

ಮೆಣಸು ಬೇರೆಯವರ ಪಾಲಾದರೆ ಕಾಫಿ ತೆಗೆದುಕೊಳ್ಳಿ. ಯೆಮನ್‌ನ ಸೂಫಿಗಳು 15ನೇ ಶತಮಾನದಲ್ಲಿ ರಾತ್ರಿ ಧ್ಯಾನಕ್ಕೆ ನಿದ್ದೆ ಬರದಿರಲಿ ಅಂತ ಕುಡಿಯುತ್ತಿದ್ದರು. 1511ರಲ್ಲಿ ಮೆಕ್ಕಾದ ಅಧಿಕಾರಿಯೊಬ್ಬ ಕಾಫಿಯನ್ನೇ ನಿಷೇಧಿಸಿದ, ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ. 1652ರಲ್ಲಿ ಲಂಡನ್‌ಗೂ ಕಾಫಿ ಅಂಗಡಿ ಬಂತು. ಬಾಬಾಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅನ್ನುವುದನ್ನು ‘ಹೀಗೊಂದು ಐತಿಹ್ಯ ಇದೆ’ ಎಂದೇ ಹೇಳಿ. ಐತಿಹ್ಯಕ್ಕೆ ಅದರದೇ ಬೆಲೆ ಇದೆ, ದಾಖಲೆಯ ಜಾಗದಲ್ಲಿ ಅದನ್ನು ಕೂರಿಸಬಾರದು ಅಷ್ಟೆ. ಬಾಬಾಬುಡನ್‌ಗಿರಿಯ ಈಗಿನ ವಿವಾದವನ್ನು ಇದಕ್ಕೆ ಎಳೆದು ತರಬೇಡಿ, ಅದು ಬೇರೆಯದೇ ವಿಷಯ.

ರಾಜರ ಕಥೆಯೇ ಬೇಕು ಅನ್ನುವವರು ವಿಜಯನಗರದ ಎರಡನೇ ದೇವರಾಯನನ್ನು ನೋಡಿ. ಅವನ ಸೈನ್ಯದಲ್ಲಿ ಮುಸ್ಲಿಂ ಬಿಲ್ಗಾರರಿದ್ದರು, 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇನ್ನೂ ಇದೆ. 1443ರಲ್ಲಿ ಈಗಿನ ಅಫ್ಘಾನಿಸ್ತಾನದ ಹೆರಾತ್‌ನಿಂದ ಅಬ್ದುರ್ ರಝಾಕ್ ರಾಯಭಾರಿಯಾಗಿ ಬಂದ. ನಮ್ಮ ಬಿದನೂರನ್ನು 1763ರಲ್ಲಿ ಹೈದರ್ ಗೆದ್ದು ತನ್ನ ಹೆಸರಿಟ್ಟ, ಅದೇ ಈಗಿನ ‘ನಗರ’ ಎಂಬ ಊರು. ಟಿಪ್ಪು ವಿಷಯಕ್ಕೆ ಕೈ ಹಾಕುವುದಾದರೆ ಹೊಗಳುವ ತೆಗಳುವ ಸ್ಪರ್ಧೆ ಬಿಟ್ಟು, ಅವನು ಇಸ್ತಾಂಬುಲ್‌ಗೆ ರಾಯಭಾರಿಗಳನ್ನು ಕಳಿಸಿ ಬಸ್ರಾ ಬಂದರಿನಲ್ಲಿ ವ್ಯಾಪಾರದ ಸೌಲಭ್ಯ ಕೇಳಿದ್ದನ್ನು ಓದಿ. ಅಲ್ಲಿ ವಿಶ್ವ ಇತಿಹಾಸ ಇದೆ.

ಓದುವಾಗ ಹಿಜರಿ, ಅಂದರೆ ಇಸ್ಲಾಮಿನ ಪಂಚಾಂಗದ ವರ್ಷ ಎದುರಾದರೆ ಗಾಬರಿ ಬೇಡ. ಅದು ಚಾಂದ್ರಮಾನ, ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಸೇರಿಸಿದರೆ ಕ್ರಿಸ್ತಶಕ ಹತ್ತಿರ ಹತ್ತಿರ ಸಿಗುತ್ತದೆ. 847ನ್ನು ಹೀಗೆ ಮಾಡಿ ನೋಡಿ, 1443 ಬರುತ್ತದೆ.

ಸ್ಲೈಡ್ ಕಡಿಮೆ ಇರಲಿ. ನಕ್ಷೆ ಒಂದು, ಮೂಲದಿಂದ ಆರಿಸಿದ ಒಂದು ಪ್ಯಾರಾ, ನಿಮ್ಮ ಪ್ರಶ್ನೆ. ಸಾಧ್ಯವಾದರೆ ಒಂದು ಭಾನುವಾರ ಶಿವಪ್ಪ ನಾಯಕನ ಅರಮನೆ ಮ್ಯೂಸಿಯಂ, ಕೆಳದಿಯ ಮ್ಯೂಸಿಯಂ ಅಥವಾ ನಗರದ ಕೋಟೆ ನೋಡಿ ಬನ್ನಿ, ನೀವೇ ತೆಗೆದ ಫೋಟೊ ಹಾಕಿ. ಮಾತನಾಡುವಾಗ ‘ಅವರು’, ‘ನಾವು’ ಅನ್ನುವುದನ್ನು ಬಿಟ್ಟುಬಿಡಿ. ಹೊನ್ನಾವರದ ವ್ಯಾಪಾರಿಗಳು, ಏಡನ್‌ನ ಸುಂಕದವರು ಅಂತ ಹೆಸರು ಹಿಡಿದು ಹೇಳಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಮುಸ್ಲಿಂ ಸಹಪಾಠಿ ಕೂತಿರುತ್ತಾಳೆ, ಹದಿನಾಲ್ಕನೇ ಶತಮಾನದ ಸುಲ್ತಾನನಿಗೆ ಅವಳಿಂದ ಉತ್ತರ ಕೇಳುವ ಹಾಗೆ ತರಗತಿ ತಿರುಗಬಾರದು. ಯಾರಾದರೂ ಅಂಥ ಪ್ರಶ್ನೆ ಎಸೆದರೆ ಅವಳ ಕಡೆ ನೋಡದೆ ನೀವೇ ಉತ್ತರಿಸಿ. ಯಾವ ಊರು, ಯಾವ ವರ್ಷ, ಬರೆದವರು ಯಾರು ಅಂತ ತಿರುಗಿ ಕೇಳಿ, ನಕ್ಷೆಯ ಮೇಲೆ ಆ ಜಾಗ ತೋರಿಸಿ ಮಾತು ಮುಂದುವರಿಸಿ.