ಕಿತ್ತೂರು ರಾಣಿ ಚೆನ್ನಮ್ಮನ ನಾಟಕ ನೋಡಿ ಬಂದ ಮೇಲೆ ಏನು ಮಾಡಬೇಕು?

ನಾಟಕ ನಡೆಯುವಾಗ ಮೊಬೈಲ್ ತೆಗೆದು ಇಸವಿ ಹುಡುಕಬೇಡಿ. ಶಿಳ್ಳೆ ಹೊಡೆಯಿರಿ, ಅಳು ಬಂದರೆ ಅಳಿ, ಮಧ್ಯಂತರದಲ್ಲಿ ಗಿರ್ಮಿಟ್ ತಿನ್ನಿ. ತಪಾಸಣೆ ಏನಿದ್ದರೂ ಮರುದಿನಕ್ಕೆ.

ಮರುದಿನವೂ ತಲೆಯಲ್ಲಿ ಉಳಿದ ಒಂದೇ ಒಂದು ದೃಶ್ಯ ಹಿಡಿದುಕೊಳ್ಳಿ. ಕಿತ್ತೂರಿನ ನಾಟಕವಾದರೆ ಅದು ‘ನಿಮಗ್ಯಾಕೆ ಕೊಡಬೇಕು ಕಪ್ಪ’ ಅಂತ ರಾಣಿ ಗುಡುಗುವ ದೃಶ್ಯವೇ, ಅಲ್ವಾ? ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ದಾಟುವಾಗ ನನಗೆ ಈಗಲೂ ಆ ಡೈಲಾಗ್ ಕೇಳಿಸುತ್ತದೆ. ಈಗ ಕೇಳಿಕೊಳ್ಳಿ: ಜಗಳ ನಿಜಕ್ಕೂ ಯಾತಕ್ಕೆ? 1818ರಲ್ಲಿ ಪೇಶ್ವೆ ಸೋತ ಮೇಲೆ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಗೆ ಕಪ್ಪ ಕೊಡುತ್ತಲೇ ಇತ್ತು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರು ಆಳುತ್ತಿದ್ದ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡ, ಅವನು ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಸೀಲು ಹಾಕಿಸಿದ, ಅಕ್ಟೋಬರ್ 23ಕ್ಕೆ ಕಿತ್ತೂರಿನ ಕಾಳಗದಲ್ಲೇ ಸತ್ತ. ಅಂದರೆ ಜಗಳ ದತ್ತಕದ್ದು, ಖಜಾನೆಯದ್ದು. ಆದರೆ ದತ್ತಕಪತ್ರ ಓದಿದರೆ ಯಾರು ಶಿಳ್ಳೆ ಹೊಡೆಯುತ್ತಾರೆ? ಕಪ್ಪ ಅಂದರೆ ಹಿಂದೆ ಚಾಪೆ ಮೇಲೆ ಕೂತವರಿಗೂ ತಟ್ಟನೆ ತಲುಪುತ್ತದೆ.

ಇಸವಿಗಳನ್ನು ಒಂದು ಚೀಟಿಯಲ್ಲಿ ಪಕ್ಕಪಕ್ಕ ಬರೆಯಿರಿ. ಅರ್ಧ ಗುಟ್ಟು ಅಲ್ಲೇ ಬಯಲಾಗುತ್ತದೆ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ, ಅವಳ ಬಂಟ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಗಲ್ಲಿನ ಸುದ್ದಿ ಕೇಳಿ ರಾಣಿ ಕುಸಿದು ಬೀಳುವ ದೃಶ್ಯ ಇದ್ದರೆ ಅದು ನಾಟಕಕಾರನದು. ಡಾಲ್‌ಹೌಸಿಯ ಹೆಸರು ಬಂದರಂತೂ ನಕ್ಕುಬಿಡಿ. ದತ್ತುಮಗನಿಗೆ ಸಂಸ್ಥಾನವಿಲ್ಲ ಅಂದ ಅವನು ಗವರ್ನರ್ ಜನರಲ್ ಆಗಿದ್ದು 1848ರಲ್ಲಿ!

ಇಷ್ಟಕ್ಕೇ ನಾಟಕ ಸುಳ್ಳು ಅಂತ ಷರಾ ಬರೆಯಬೇಡಿ. ಈಗ ಕಾಗದಪತ್ರಗಳನ್ನೂ ಹಾಗೇ ಜಗ್ಗಿ ನೋಡಿ. ಆ ಗಲಾಟೆಯ ಬಗ್ಗೆ ಉಳಿದ ಪತ್ರಗಳಲ್ಲಿ ಜಾಸ್ತಿ ಕಂಪನಿ ಅಧಿಕಾರಿಗಳು ಬರೆದವು. ಸೀಲು ಬಿದ್ದ ರಾತ್ರಿ ವಾಡೆಯ ಹೆಂಗಸರು ಏನು ಮಾತಾಡಿಕೊಂಡರು ಅಂತ ಯಾವ ಸಾಹೇಬ ಬರೆಯುತ್ತಾನೆ? ಅದನ್ನು ಕೇಳೋದು ನಾಟಕವೇ. ಹಾಗಾಗಿ ಚೀಟಿಯಲ್ಲಿ ಎರಡು ಗುರುತು ಸಾಕು: ಗೊತ್ತಿದ್ದನ್ನು ತಿರುಚಿದ ಕಡೆ ಅಡ್ಡಗೆರೆ, ಗೊತ್ತಿಲ್ಲದ್ದನ್ನು ತುಂಬಿದ ಕಡೆ ಸೊನ್ನೆ. ನನ್ನ ತಕರಾರು ಅಡ್ಡಗೆರೆಯ ಜೊತೆ ಮಾತ್ರ. ಸೊನ್ನೆಗಳಿಗಾಗಿಯೇ ನಾನು ಟಿಕೆಟ್ ತೆಗೆಯೋದು.

ಆಮೇಲೆ ಒಂದು ಭಾನುವಾರ ಕಿತ್ತೂರಿಗೆ ಹೋಗಿ, ಧಾರವಾಡದಿಂದ ಬೆಳಗಾವಿ ಬಸ್ ಹತ್ತಿದರೆ ದೂರವೇನಿಲ್ಲ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಕ್ಕನ ಮಗ ಹೋದ ಸಲ ಆ ಮುರಿದ ಗೋಡೆಗಳ ನಡುವೆ ಅರ್ಧ ಗಂಟೆ ಓಡಾಡಿದ. ನಾಟಕದಲ್ಲಿ ರಾಣಿ ಕತ್ತಿ ಹಿಡಿದು ಇಳಿದು ಬಂದ ಕೆಂಪು ಮೆಟ್ಟಿಲು ಎಲ್ಲಿವೆ ಅಂತ ಹುಡುಕುತ್ತಿದ್ದ.